ಬೇಕೆಂದೇ ಹಿಡಿಸಿದ ತುಕ್ಕು

ಆಯುಧಪೂಜೆ ಬಂತೆಂದರೆ ಮನೆಯ ಕಬ್ಬಿಣವೆಲ್ಲ ಹೊಳೆಯಬೇಕು. ಮಚ್ಚು, ಕುಡುಗೋಲು, ಗುದ್ದಲಿಗೆ ಅದು ಸರಿ. ತಾತನ ಕಾಲದ ಕೋವಿಗೂ ಇದೇ ಉಪಚಾರವಾದರೆ ಕೆಟ್ಟಿತು. ಉಪ್ಪುಕಾಗದದಲ್ಲಿ ತಿಕ್ಕಿ ಬೆಳ್ಳಗೆ ಮಾಡುವ ಆ ಕಂದು ಬಣ್ಣ ಕೊಳೆಯಲ್ಲ, ನಳಿಗೆ ಮಾಡಿದವನು ಬೇಕೆಂದೇ ಹಿಡಿಸಿದ ತುಕ್ಕು.

19ನೇ ಶತಮಾನದ ಇಂಗ್ಲೆಂಡಿನ ಕೋವಿ ಕಸುಬುದಾರರು ನಳಿಗೆಯ ಜಿಡ್ಡು ತೆಗೆದು, ಲೋಹವನ್ನು ತಿನ್ನುವ ದ್ರಾವಣ ಸವರಿ, ತೇವದ ಕೋಣೆಯಲ್ಲಿಡುತ್ತಿದ್ದರು. ಎದ್ದ ಕೆಂಪು ಪುಡಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಮತ್ತೆ ಸವರುವುದು, ಮತ್ತೆ ಉಜ್ಜುವುದು. ದಿನಗಟ್ಟಲೆ ಇದೇ ಕೆಲಸ. ಕುದಿಯುವ ನೀರಿನಲ್ಲಿಟ್ಟರೆ ಕೆಂಪು ತುಕ್ಕು ಕಪ್ಪು ಆಕ್ಸೈಡಾಗಿ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಎಣ್ಣೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದ ಡಮಾಸ್ಕಸ್ ನಳಿಗೆಗಳ ಸುರುಳಿ ಚಿತ್ತಾರ ಕಣ್ಣಿಗೆ ಬೀಳುವುದೂ ಈ ಉಪಚಾರದಿಂದಲೇ. ಎಮರಿ ಹಾಕಿ ತಿಕ್ಕಿದರೆ ಚಿತ್ತಾರವೂ ಹೋಯಿತು, ಕಾಪೂ ಹೋಯಿತು.

ಇಂಥ ಕೋವಿಗಳು ಚಾಮರಾಜನಗರ ಸೀಮೆಗೆ ಬಂದ ದಾರಿ ಹಲವು. ಆನೆಗಳ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರದ ಕಡೆ ಬೀಡುಬಿಟ್ಟು ಬಿಳಿಗಿರಿರಂಗನ ಬೆಟ್ಟದಲ್ಲಿ ಬೇಟೆಯಾಡಿದವರು. 1878ರಲ್ಲಿ ಬಂದ ಅವರ ಪುಸ್ತಕದಲ್ಲಿ ಕೋವಿಗಳ ಚರ್ಚೆಗೂ ಜಾಗವಿದೆ. ಅದೇ ಬೆಟ್ಟದ ಹೊನ್ನಮೇಟಿ ಕಾಫಿ ತೋಟದ ಆರ್.ಸಿ. ಮಾರಿಸ್ ಬೇಟೆಗಾರರೂ ಹೌದು, ನಿಸರ್ಗಪ್ರಿಯರೂ ಹೌದು. ರೈತರ ಕೈಯಲ್ಲಿದ್ದದ್ದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಹಂದಿ ಹೊಲಕ್ಕೆ ನುಗ್ಗುವ ಊರಿನಲ್ಲಿ ಅದು ಷೋಕಿಯಲ್ಲ.

ಹಳೆಯ ಕೇಪು, ಕರಿಮದ್ದು ಎರಡೂ ಸುಟ್ಟು ಉಳಿಸುವ ಉಪ್ಪಿನಂಶ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಸವರದಿದ್ದರೆ ಒಳಗಿನಿಂದಲೇ ತಿನ್ನಲು ಶುರು. ಹೊರಗೆ ಎಷ್ಟು ಥಳಥಳಿಸಿದರೇನು?

ಕಾನೂನಿನ ಲೆಕ್ಕವೂ ಇಲ್ಲಿ ವಿಚಿತ್ರ. ಹನೂರು ಸೀಮೆಯನ್ನೊಳಗೊಂಡ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬ್ರಿಟಿಷ್ ಇಂಡಿಯಾದ 1878ರ ಶಸ್ತ್ರ ಕಾಯ್ದೆ ಅಲ್ಲಿ ನಡೆಯುತ್ತಿತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು, ಮೈಸೂರು ಸೀಮೆ. ಅಕ್ಕಪಕ್ಕದ ಊರು, ಬೇರೆ ಬೇರೆ ಸರ್ಕಾರ.

1959ರ ಶಸ್ತ್ರ ಕಾಯ್ದೆ ಎಲ್ಲರಿಗೂ ಒಂದೇ ಆಯಿತು, ಕೊಡಗನ್ನು ಬಿಟ್ಟು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಆ ಸಲಿಗೆ ಇಲ್ಲ. 1972ರಲ್ಲಿ ವನ್ಯಜೀವಿ ಕಾಯ್ದೆ, 1974ರಲ್ಲಿ ಬಿ.ಆರ್. ಬೆಟ್ಟ ಅಭಯಾರಣ್ಯ ಬಂದವು. 1992ರಲ್ಲಿ ವೀರಪ್ಪನ್ ತಂಡ ಹನೂರು ಕಡೆಯ ರಾಮಾಪುರ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದು ಶಸ್ತ್ರ ದೋಚಿತು. ಅಂಥ ನೆನಪಿರುವ ಕಡೆ ಕೋವಿ ಎಂದರೆ ಅಧಿಕಾರಿಗಳ ಹುಬ್ಬು ಮೇಲೇರುವುದು ಸಹಜ.

ಹಾಗಾಗಿ ಮನೆಯಲ್ಲೇ ಕೋವಿಗೆ ಹೊಸ ಬಣ್ಣ ಹಿಡಿಸುವ ಹುಮ್ಮಸ್ಸಿಗೆ ಕಡಿವಾಣ ಒಳ್ಳೆಯದು. ಎಣ್ಣೆ ಬಟ್ಟೆಯಲ್ಲಿ ಒರೆಸಿಡುವುದು ಮನೆಯವರ ಕೆಲಸ. ರಿಪೇರಿ ಪರವಾನಗಿ ಪಡೆದ ಅಂಗಡಿಯವನದು. ಎಮರಿಯಡಿ ಮೊದಲು ಸವೆಯುವುದು ತೆಳ್ಳಗೆ ಒತ್ತಿದ ತಯಾರಕನ ಮುದ್ರೆ ಮತ್ತು ನಂಬರು. ಶಸ್ತ್ರ ಕಾಯ್ದೆಯ 8ನೇ ಕಲಮಿನ ಪ್ರಕಾರ ಗುರುತು ಅಳಿಸುವುದು ಅಪರಾಧ. ಅಳಿಸಿದ ಕೋವಿ ಸಿಕ್ಕರೆ ಇಟ್ಟುಕೊಂಡವನೇ ಅಳಿಸಿದನೆಂದು ಕಾನೂನು ಭಾವಿಸುತ್ತದೆ; ಅಲ್ಲವೆಂದು ತೋರಿಸುವ ಹೊಣೆ ಅವನದೇ.