ಗಾಜಿನ ಪೆಟ್ಟಿಗೆಯ ಕಡಲು, ಡಮ್ ಡಮ್ ಪಕ್ಕದ ಉಪ್ಪುಕೆರೆ



ಭಾನುವಾರ ಬೆಳಿಗ್ಗೆ ಡಮ್ ಡಮ್‌ನಲ್ಲಿ ಮೆಟ್ರೋ ಹತ್ತಿ, ಎರಡನೆಯ ನಿಲ್ದಾಣ ಶ್ಯಾಮ್‌ಬಜಾರ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಗ್ಯಾಲಿಫ್ ಸ್ಟ್ರೀಟಿನ ಸಂತೆ. ಗಿಡ, ಹಕ್ಕಿ, ನಾಯಿಮರಿ, ಜೊತೆಗೆ ಸಾಲುಸಾಲು ಪ್ಲಾಸ್ಟಿಕ್ ಚೀಲಗಳಲ್ಲಿ ಬಣ್ಣದ ಮೀನು. ನಿಮ್ಮಲ್ಲಿ ಹಲವರು ಮಕ್ಕಳನ್ನು ಕರೆದುಕೊಂಡು ಹೋಗಿಯೇ ಇರುತ್ತೀರಿ. ಅಲ್ಲಿರುವ ಮೀನುಗಳಲ್ಲಿ ಹೆಚ್ಚಿನವು ಸಿಹಿನೀರಿನವು. ಆದರೆ 2003ರಲ್ಲಿ 'ಫೈಂಡಿಂಗ್ ನೀಮೋ' ಬಂದ ಮೇಲೆ ಮಕ್ಕಳ ಕಣ್ಣು ಬೇರೆಯದನ್ನೇ ಹುಡುಕತೊಡಗಿತು. ಕಿತ್ತಳೆ ಮೈ, ಬಿಳಿ ಪಟ್ಟೆಯ ಕ್ಲೌನ್ ಮೀನು. ಅದು ಕಡಲಿನ ಜೀವ. ಅದನ್ನು ಮನೆಗೆ ತರಬೇಕೆಂದರೆ ಹಿಂದೆಯೇ ಒಂದಿಷ್ಟು ಕಡಲನ್ನೂ ತರಬೇಕು.

ನಾನೂ ತಂದಿದ್ದೆ, ಬೇರೊಂದು ಅಂಗಡಿಯಿಂದ. ಉಪ್ಪಿನ ಪುಡಿಯ ಪೊಟ್ಟಣ, ಹೊಸ ಫಿಲ್ಟರ್, ಎರಡು ಮೀನು, ಎಲ್ಲ ಒಂದೇ ಸಂಜೆ. ಒಂಬತ್ತನೆಯ ದಿನ ಎರಡೂ ಸತ್ತವು. ಸೋಜಿಗವೆಂದರೆ ತೊಟ್ಟಿಯ ನೀರು ಕನ್ನಡಿಯಂತೆ ತಿಳಿಯಾಗಿತ್ತು! ತಿಳಿನೀರಿನಲ್ಲಿ ಮೀನು ಸಾಯುವುದೇಕೆ? ಈ ಪ್ರಶ್ನೆ ನನ್ನೊಬ್ಬನದಲ್ಲ. ಇದಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರ ಒಂದು ತುದಿ, ನಂಬುತ್ತೀರೋ ಇಲ್ಲವೋ, ನಮ್ಮ ಡಮ್ ಡಮ್‌ನ ಪೂರ್ವಕ್ಕೇ ಇದೆ.

ಮೊದಲು ಇನ್ನೊಂದು ತುದಿ ನೋಡೋಣ. 1846ರಲ್ಲಿ ಅನ್ನಾ ಥಿನ್ ಎಂಬ ಹೆಣ್ಣುಮಗಳು ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ಮನೆಗೆ ತಂದರು. ಲಂಡನ್ನಿನಲ್ಲಿ ಕಡಲೆಲ್ಲಿದೆ? ನೀರು ಹಳಸಬಾರದೆಂದು ಮನೆಯ ಕೆಲಸದಾಕೆ ದಿನವೂ ಕಿಟಕಿಯ ಬಳಿ ನಿಂತು ಅರ್ಧ-ಮುಕ್ಕಾಲು ಗಂಟೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು. ನಾವು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುತ್ತೇವಲ್ಲ, ಹಾಗೆ. ಇಂದು ನಿಮ್ಮ ತೊಟ್ಟಿಯಲ್ಲಿ ಗುಳುಗುಳು ಎನ್ನುವ ಏರ್ ಪಂಪ್ ಮಾಡುವುದು ಆಕೆಯ ಕೆಲಸವನ್ನೇ. ಆಕೆಯ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮುಂದೆ ಥಿನ್ ಆ ನೀರಿಗೆ ಕಡಲ ಪಾಚಿಯನ್ನೂ ಸೇರಿಸಿದರು. ಹವಳಗಳು ವರ್ಷಗಟ್ಟಲೆ ಬದುಕಿದವು.

1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ, ಮೀನು, ನೀರುಗಿಡ, ಬಸವನಹುಳು ಮೂರೂ ಸೇರಿದರೆ ತೊಟ್ಟಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದು ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅದರ ಮೇಲೊಂದು ಪುಸ್ತಕ ಬರೆದ, ಕೃತಕ ಕಡಲನೀರು ಕಲಸುವ ಲೆಕ್ಕವನ್ನೂ ಕೊಟ್ಟ. ಊರಿಗೆ ಊರೇ ಗಾಜಿನ ತೊಟ್ಟಿ ಕೊಂಡಿತು. ಹತ್ತು ವರ್ಷದೊಳಗೆ ಬಹುಪಾಲು ತೊಟ್ಟಿಗಳು ನಾತ ಬಡಿದು ಅಟ್ಟ ಸೇರಿದವು. ಗಿಡ ಉಸಿರು ಕೊಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೀನು ವಿಸರ್ಜಿಸುವ ಅಮೋನಿಯಾ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ.

ಉತ್ತರ ಬಂದದ್ದು ಮೀನಿನ ತೊಟ್ಟಿಯಿಂದಲ್ಲ, ಚರಂಡಿಯಿಂದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂನ್ಟ್ಸ್ ಎಂಬಿಬ್ಬರು ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಮೊದಲ ಇಪ್ಪತ್ತು ದಿನ ಅಮೋನಿಯಾ ಹೋದ ಹಾಗೆಯೇ ಹೊರಬಂತು. ಆಮೇಲೆ ಅದು ನೈಟ್ರೇಟ್ ಆಗಿ ಬದಲಾಗತೊಡಗಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದೊಡನೆ ಎಲ್ಲ ನಿಂತುಹೋಯಿತು. ಅಂದರೆ ಕೆಲಸ ಮಾಡುತ್ತಿದ್ದದ್ದು ಮರಳಲ್ಲ, ಮರಳಿಗಂಟಿದ ಜೀವಿಗಳು. ಮುಂದೆ ರಷ್ಯಾದ ವಿನೋಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನೇ ಬೇರ್ಪಡಿಸಿದ. ಕೆಲವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನು ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮೀನಿಗೆ ವಿಷ. ಮೂರನೆಯದು ಅಷ್ಟು ಕ್ರೂರವಲ್ಲ.

ಈಗ ನನ್ನ ಒಂಬತ್ತನೆಯ ದಿನ ನಿಮಗೆ ಅರ್ಥವಾಯಿತು ತಾನೆ? ಇಪ್ಪತ್ತು ದಿನವಾದರೂ ಬೇಕಿದ್ದ ಕಡೆ ನಾನು ಒಂದು ದಿನವನ್ನೂ ಕೊಟ್ಟಿರಲಿಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ, ನೀರು ತಿಳಿಯಾಗಿಯೇ ಕಾಣುತ್ತದೆ. ಸಾಲದ್ದಕ್ಕೆ ಕಡಲನೀರು ಕ್ಷಾರ ಗುಣದ್ದು, ಅದರ ಪಿಎಚ್ 8.2ರ ಆಸುಪಾಸು. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಸಿಹಿನೀರಿನ ತೊಟ್ಟಿ ಮನ್ನಿಸುವ ತಪ್ಪನ್ನು ಉಪ್ಪುನೀರು ಮನ್ನಿಸುವುದಿಲ್ಲ.

ಇನ್ನು ಡಮ್ ಡಮ್‌ಗೆ ಬರೋಣ. ಈ ಹೆಸರು ದಿಬ್ಬ ಎಂಬರ್ಥದ 'ದಮ್‌ದಮಾ' ಪದದಿಂದ ಬಂತೆನ್ನುತ್ತಾರೆ. ದಿಬ್ಬವೆಂದ ಮೇಲೆ ತಗ್ಗೂ ಇರಬೇಕಲ್ಲ? ಆ ತಗ್ಗೇ ಪೂರ್ವದ ಉಪ್ಪುಕೆರೆಗಳ ಸೀಮೆ. ಬಿದ್ಯಾಧರಿ ನದಿ ಕಡಲ ಭರತದ ಜೊತೆ ಚೌಳುನೀರನ್ನು ಇಲ್ಲಿಗೆ ತರುತ್ತಿತ್ತು, ಭೆಟ್ಕಿ, ಪಾರ್ಷೆ, ಸಿಗಡಿಗಳನ್ನೂ ತರುತ್ತಿತ್ತು. ಕುಮಟಾ, ಅಂಕೋಲಾ ಕಡೆಯವರಿಗೆ ಅಘನಾಶಿನಿಯ ಗಜನಿ ಗದ್ದೆಗಳು ನೆನಪಾದಾವು. ಆದರೆ ಬಿದ್ಯಾಧರಿ ಹೂಳು ತುಂಬಿ ಸೊರಗಿತು. 1928ರಲ್ಲಿ ಅದನ್ನು ಸತ್ತ ನದಿಯೆಂದೇ ಘೋಷಿಸಿದರು. ಉಪ್ಪು ನಿಂತುಹೋಯಿತು, ಕಡಲ ಮೀನು ಹೋಯಿತು.

ಬೆಸ್ತರು ಕೈಕಟ್ಟಿ ಕೂರಲಿಲ್ಲ. ಊರಿನಿಂದ ಹರಿದು ಬರುತ್ತಿದ್ದ ಕೊಳಚೆ ನೀರನ್ನೇ ಕೆರೆಗೆ ಬಿಟ್ಟುಕೊಂಡರು. ಇವೇ ಬಂಗಾಳಿಗಳು ಹೇಳುವ 'ಭೇರಿ'ಗಳು. ಕೆರೆಯನ್ನು ಒಣಗಿಸುವುದು, ಸುಣ್ಣ ಹಾಕುವುದು, ನೀರು ಬಿಟ್ಟು ಎರಡು-ಮೂರು ವಾರ ಹಾಗೇ ಬಿಸಿಲಿಗೆ ಬಿಡುವುದು. ಆಮೇಲೆ ನಾಲ್ಕಾರು ಮೀನು ಮಾತ್ರ ಬಿಟ್ಟು ನೋಡುವುದು. ಅವು ಬದುಕಿದರೆ ರೋಹು, ಕಾಟ್ಲಾ ಮರಿಗಳು ಇಳಿಯುತ್ತವೆ. ಪ್ಯಾರಿಸ್ಸಿನ ಕೊಳವೆ ಕೇಳಿದ ಇಪ್ಪತ್ತು ದಿನವನ್ನು ಇವರು ಯಾವ ಪ್ರಯೋಗಾಲಯವೂ ಇಲ್ಲದೆ ಕಂಡುಕೊಂಡಿದ್ದರು. ನನಗಂತೂ ಇದು ಆ ವಿಜ್ಞಾನಿಗಳ ಕೆಲಸಕ್ಕಿಂತ ಕಡಿಮೆಯದೆನಿಸುವುದಿಲ್ಲ.

1962ರಿಂದ ಹೂಗ್ಲಿಯ ಮರಳನ್ನು ನೀರಿನೊಡನೆ ಕೊಳವೆಯಲ್ಲಿ ಸಾಗಿಸಿ ಈ ಕೆರೆಗಳ ಒಂದು ಭಾಗವನ್ನು ಮುಚ್ಚಿದರು. ಅದೇ ಇಂದಿನ ಬಿಧಾನ್‌ನಗರ. ಜನರ ಬಾಯಲ್ಲಿ ಈಗಲೂ ಸಾಲ್ಟ್ ಲೇಕ್. ಉಳಿದದ್ದು ಉಳಿದದ್ದಕ್ಕೆ ಧ್ರುವಜ್ಯೋತಿ ಘೋಷ್ ಅವರಿಗೆ ಋಣಿಗಳಾಗಿರಬೇಕು. ವೃತ್ತಿಯಿಂದ ಎಂಜಿನಿಯರ್ ಆದ ಅವರು ಊರಿನ ಕೊಳಚೆ ಎಲ್ಲಿ ಹೋಗುತ್ತದೆಂದು ಹುಡುಕುತ್ತ ಭೇರಿಗಳಿಗೆ ಬಂದರು, ಬೆಸ್ತರಿಂದ ಕಲಿತರು, ಈ ಕೆರೆಗಳಿಗಾಗಿ ಬದುಕಿನುದ್ದಕ್ಕೂ ವಾದಿಸಿದರು. 2002ರಲ್ಲಿ 12,500 ಹೆಕ್ಟೇರಿನ ಈ ಜೌಗುನೆಲ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ಘೋಷ್ 2018ರಲ್ಲಿ ತೀರಿಕೊಂಡರು.

ಭೇರಿಯ ಪಾಠವನ್ನು ಮನೆಯ ತೊಟ್ಟಿಗೆ ತರುವುದು ಹೇಗೆ? ಲೀಟರಿಗೆ 35 ಗ್ರಾಂನಷ್ಟು ಕಡಲ ಉಪ್ಪಿನ ಮಿಶ್ರಣ ಕರಗಿಸಿ, ಫಿಲ್ಟರ್ ಓಡಿಸಿ, ಮೀನಿನ ಬದಲು ಒಂದು ಸಿಗಡಿ ತುಂಡು ಹಾಕಿ ಕೊಳೆಯಲು ಬಿಡಿ. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ ಏರುತ್ತದೆ, ಇಳಿಯುತ್ತದೆ. ಆಮೇಲೆ ನೈಟ್ರೈಟ್ ಏರುತ್ತದೆ, ಇಳಿಯುತ್ತದೆ. ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿದರೂ ಅಚ್ಚರಿಯಿಲ್ಲ. ಆಮೇಲೆ ಒಂದೇ ಒಂದು ಮೀನು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ನಲ್ಲಿಯ ಕ್ಲೋರಿನ್, ಆ ಪ್ರಯೋಗದ ಕ್ಲೋರೋಫಾರ್ಮ್ ಹಾಗೆ, ನೀವು ಕಾದು ಬೆಳೆಸಿದ್ದನ್ನೆಲ್ಲ ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲುಗಾಡಿಸಿ ತೊಳೆದರೆ ಸಾಕು.

ಕೋಲ್ಕತ್ತದ ಬೇಸಿಗೆಯ ವಿಷಯ ಬೇರೆಯೇ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಕಡಲ ಮೀನು ಮೊದಲೇ ಮೈಯಿಂದ ನೀರು ಕಳೆದುಕೊಳ್ಳುತ್ತ, ಅದಕ್ಕಾಗಿ ಕಡಲನ್ನೇ ಕುಡಿಯುತ್ತ, ಉಪ್ಪನ್ನು ಕಿವಿರಿನಿಂದ ಹೊರದೂಡುತ್ತ ಬದುಕುವ ಜೀವ. ಉಪ್ಪು ಏರಿದರೆ ಅದರ ದುಡಿಮೆಯೂ ಏರುತ್ತದೆ. ಹಾಗಾಗಿ ಗಾಜಿನ ಮೇಲೆ ಗೆರೆ ಎಳೆದು, ಇಳಿದಷ್ಟನ್ನು ದಿನವೂ ಸಿಹಿಯಾದ ಆರ್‌ಒ ನೀರಿನಿಂದಲೇ ತುಂಬಿ, ಉಪ್ಪುನೀರಿನಿಂದಲ್ಲ. ದೀಘಾಕ್ಕೆ ಹೋದಾಗ ಕ್ಯಾನಿನಲ್ಲಿ ಕಡಲನೀರು ತರುವ ಆಸೆಯೂ ಬೇಡ. ಹೂಗ್ಲಿಯ ಬಾಯಿಗೆ ಹತ್ತಿರವಾದ ಅಲ್ಲಿನ ನೀರು ಕೆಸರು, ಉಪ್ಪೂ ಕಡಿಮೆ. ಅಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ 1989ರಲ್ಲಿ ಸ್ಥಾಪಿಸಿದ ಕಡಲ ಮತ್ಸ್ಯಾಲಯವಿದೆ, ಅದನ್ನು ನೋಡಿ ಬನ್ನಿ.

ಇನ್ನೊಂದು ಎಚ್ಚರ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬವರು ಹವಳದ ದಿಬ್ಬದ ಕಲ್ಲುಗಳನ್ನೇ ತೊಟ್ಟಿಗಿಳಿಸುವ ತಮ್ಮ ವಿಧಾನವನ್ನು ಪ್ರಕಟಿಸಿದರು. ಕಲ್ಲಿನ ರಂಧ್ರಗಳಲ್ಲಿರುವ ಜೀವಿಗಳೇ ನೀರನ್ನು ಕಾಯುತ್ತಿದ್ದವು. ವಿಧಾನ ಸೊಗಸಾದದ್ದೇ. ಆದರೆ ನಮ್ಮ ದೇಶದಲ್ಲಿ 2001ರಿಂದ ಹವಳಗಳು ವನ್ಯಜೀವಿ ಕಾಯಿದೆಯ ಮೊದಲ ಪರಿಚ್ಛೇದದಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಯಾರಾದರೂ 'ಲೈವ್ ರಾಕ್' ಎಂದು ಹವಳದ ಕಲ್ಲು ತೋರಿಸಿದರೆ ಮುಟ್ಟಬೇಡಿ. ರಂಧ್ರಗಳಿರುವ ಸೆರಾಮಿಕ್ ತುಂಡುಗಳು ಆ ಕೆಲಸ ಮಾಡುತ್ತವೆ, ಕೊಂಚ ನಿಧಾನವಾಗಿ. ಮೀನನ್ನೂ ತೊಟ್ಟಿಯಲ್ಲಿ ಹುಟ್ಟಿದ್ದೇ ಎಂದು ಕೇಳಿ ಕೊಳ್ಳಿ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವುದನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಎಂದೋ ಸಾಧಿಸಿದ್ದಾರೆ. ತಂದ ಮೀನನ್ನು ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಡಿ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಯ ರೋಗವಿದ್ದರೆ ಅಲ್ಲೇ ತಿಳಿಯುತ್ತದೆ.

ನನ್ನ ಎರಡನೆಯ ತೊಟ್ಟಿಯಲ್ಲಿ ಮೂವತ್ತೆಂಟು ದಿನ ಒಂದೂ ಮೀನಿರಲಿಲ್ಲ. ಮನೆಗೆ ಬಂದವರೆಲ್ಲ ಖಾಲಿ ನೀರು ನೋಡಿ ನಕ್ಕರು. ಪಕ್ಕದ ಮನೆಯ ಬಂಗಾಳಿ ಮೇಷ್ಟ್ರು ಮಾತ್ರ ನಗಲಿಲ್ಲ, ಅವರ ಅಜ್ಜನಿಗೆ ಭೇರಿಯಿತ್ತಂತೆ. "ಮೊದಲು ಎಷ್ಟು ಬಿಡುತ್ತೀರಿ?" ಎಂದು ಕೇಳಿದರು. ಒಂದು ಎಂದೆ. ತಲೆಯಾಡಿಸಿ, ಕುರ್ಚಿ ಎಳೆದುಕೊಂಡು ಕೂತರು.