ಕಲ್ಯಾಣಕಾರಕದಿಂದ ಸೂಪಶಾಸ್ತ್ರಕ್ಕೆ: ಜೈನ ಕೃತಿಗಳಲ್ಲಿ ಆಹಾರ ಮತ್ತು ಆರೋಗ್ಯ

ಜೈನ ಧರ್ಮವು ಶ್ರಾವಕನಿಗೆ ವಿಧಿಸಿದ ಚತುರ್ವಿಧ ದಾನಗಳು ಆಹಾರ, ಅಭಯ, ಭೈಷಜ್ಯ ಮತ್ತು ಶಾಸ್ತ್ರ. ಶ್ರವಣಬೆಳಗೊಳದ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಈ ನಾಲ್ಕೂ ಒಂದೇ ಉಸಿರಿನಲ್ಲಿ ಬರುತ್ತವೆ. ಶಾಸ್ತ್ರದಾನದ ಬಗ್ಗೆ ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಸಂಗತಿ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆದರೆ ಅನ್ನವೂ ಔಷಧವೂ ಅದೇ ಸಾಲಿನಲ್ಲಿ ನಿಂತದ್ದು ಕನ್ನಡ ನಾಡಿನ ಶಾಸ್ತ್ರಸಾಹಿತ್ಯವನ್ನು ಹೇಗೆ ರೂಪಿಸಿತು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ಉಗ್ರಾದಿತ್ಯಾಚಾರ್ಯನಿಂದ ಆರಂಭಿಸುವುದು ಯುಕ್ತ. ಒಂಬತ್ತನೆಯ ಶತಮಾನದವನೆಂದು ಪರಿಗಣಿತನಾದ ಈತ ಶ್ರೀನಂದಿಯ ಶಿಷ್ಯ. ರಾಮಗಿರಿಯಲ್ಲಿ ಸಂಸ್ಕೃತ ಕಲ್ಯಾಣಕಾರಕವನ್ನು ರಚಿಸಿದ. ಗ್ರಂಥದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯವು ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ನೃಪತುಂಗ ಅಮೋಘವರ್ಷನ ಸಭೆಯಲ್ಲಿ ವೈದ್ಯರ ಎದುರು ಪ್ರತಿಪಾದಿಸಿದ ವಾದ. ಇದನ್ನು ಬರಿಯ ಮತಾಭಿಮಾನವೆಂದು ಬದಿಗಿರಿಸುವುದು ಸುಲಭ. ಆದರೆ ಅದು ಸರಿಯಾದ ಓದಲ್ಲ. ಚರಕ ಪರಂಪರೆಯಲ್ಲಿ ಕ್ಷಯಪೀಡಿತನಿಗೆ ಮಾಂಸರಸವೇ ಬಲದಾಯಕ, ಕಫಕ್ಕೆ ಜೇನೇ ಶ್ರೇಷ್ಠ, ಮದ್ಯಕ್ಕೂ ಚಿಕಿತ್ಸೆಯಲ್ಲಿ ಸ್ಥಾನವುಂಟು. ಮದ್ಯ, ಮಾಂಸ, ಮಧು ಮೂರನ್ನೂ ತ್ಯಜಿಸಿದ ವೈದ್ಯನ ಕೈಯಲ್ಲಿ ಉಳಿಯುವುದೇನು? ಧಾನ್ಯ, ಬೇಳೆ, ಹಾಲು, ತುಪ್ಪ, ಹಣ್ಣು, ಸೊಪ್ಪು, ಒಣಗಿದ ಬೇರು. ಎಂದರೆ, ದಿನನಿತ್ಯದ ಅಡುಗೆಮನೆ. ವ್ರತದ ನಿರ್ಬಂಧವೇ ಸಾಮಾನ್ಯ ಆಹಾರದ ಗುಣವಿಚಾರವನ್ನು ಜೈನ ವೈದ್ಯದ ನಡುಮನೆಗೆ ತಂದಿತೆಂದು ನನ್ನ ಅಭಿಪ್ರಾಯ.

ಹಾಗೆಂದು ಇವರು ಹೊಸ ಪದಾರ್ಥಗಳನ್ನು ಕಂಡುಹಿಡಿದರೆಂದಲ್ಲ. ಬೇಳೆಗಳಲ್ಲಿ ಹೆಸರು, ವಯಃಸ್ಥಾಪನಕ್ಕೆ ನೆಲ್ಲಿ, ಗ್ರಹಣಿ ಮತ್ತು ಮೂಲವ್ಯಾಧಿಗಳಿಗೆ ಮಜ್ಜಿಗೆಯ ನಿತ್ಯಸೇವನೆ ಶ್ರೇಷ್ಠವೆಂದು ಚರಕಸಂಹಿತೆಯೇ ಹೇಳುತ್ತದೆ. ಆದರೆ ಅಲ್ಲಿ ಇವು ಹಲವು ಮಾರ್ಗಗಳಲ್ಲಿ ಒಂದು. ಜೈನ ವೈದ್ಯನಿಗೆ ಹೆಚ್ಚುಕಡಿಮೆ ಇರುವ ಮಾರ್ಗವೇ ಇದು. ಶುಂಠಿಯ ವಿಷಯ ಇನ್ನೂ ಸ್ವಾರಸ್ಯಕರ. ಹಸಿಶುಂಠಿ ಅನಂತಕಾಯವೆಂದು ವರ್ಜ್ಯ. ಒಣಗಿದ ಶುಂಠಿ ಗ್ರಾಹ್ಯ. ಹೀಗೆ ಜೀರ್ಣಶಕ್ತಿಯನ್ನು ಬೆಳೆಸುವ ಪದಾರ್ಥವೊಂದು ವ್ರತಕ್ಕೂ ವೈದ್ಯಕ್ಕೂ ಒಪ್ಪಿಗೆಯಾಗುವ ರೂಪದಲ್ಲಿ ಮನೆಯೊಳಗೆ ಉಳಿಯಿತು. ಹಿಟ್ಟಿನ ಕಾಲಮರ್ಯಾದೆಯೂ ಇಂಥದ್ದೇ: ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7. ಜೀವೋತ್ಪತ್ತಿಯ ಭಯದಿಂದ ಹುಟ್ಟಿದ ನಿಯಮವಿದು. ಅದರ ಹಿಂದೆ ಆಧುನಿಕ ಸೂಕ್ಷ್ಮಜೀವಿವಿಜ್ಞಾನವನ್ನು ಹುಡುಕುವ ಉತ್ಸಾಹ ನನಗಿಲ್ಲ. ಫಲವಾಗಿ ಮನೆಯವರು ಬೂಸಲು ಹಿಡಿಯದ ಹೊಸ ಹಿಟ್ಟನ್ನೇ ಉಂಡರು ಎಂಬುದಷ್ಟು ನಿಜ.

ಕನ್ನಡಕ್ಕೆ ಈ ವಿಚಾರ ಬಂದದ್ದು ಹನ್ನೆರಡನೆಯ ಶತಮಾನದಲ್ಲಿ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಆಧರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದ. ಮದ್ಯಮಾಂಸಮಧುವರ್ಜಿತವಾದ ಚಿಕಿತ್ಸೆಯೇ ಇಲ್ಲಿಯೂ ಉಂಟು.

ಮುಂದೆ ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ಬಂದ. ಸಮ್ಯಕ್ತ್ವಕೌಮುದಿಯ ಕರ್ತೃವಾದ ಈ ಜೈನ ಕವಿಯೇ ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನೂ ರಚಿಸಿದ. ಅದು ವೈದ್ಯಗ್ರಂಥವಲ್ಲ, ಪಿಷ್ಟ, ಪಾನಕ, ಅನ್ನಪಾಯಸ, ಶಾಕಗಳ ಪಾಕಕ್ರಮವನ್ನು ಹೇಳುವ ಕೃತಿ. ಗುಣದ ಬದಲು ರುಚಿ ಮುಂದೆ ಬಂದಿದೆ. ಆದರೆ ಪದಾರ್ಥಗಳನ್ನು ನೋಡಿ: ನೆಲ್ಲಿ, ಬಾಳೆಕಾಯಿ, ಹಲಸು, ಕಳಲೆ. ವೈದ್ಯನು ವಾದಿಸಿ ಸ್ಥಾಪಿಸಬೇಕಾಗಿದ್ದ ಶಾಕಾಹಾರವು ಇಲ್ಲಿ ವಾದವೇ ಬೇಕಿಲ್ಲದ ಸಹಜ ಊಟವಾಗಿದೆ. ಅದೇ ಶತಮಾನದಲ್ಲಿ ಕನಕದಾಸರ ರಾಮಧಾನ್ಯಚರಿತೆಯಲ್ಲಿ ಆರು ತಿಂಗಳ ಸೆರೆಯ ನಂತರವೂ ಕೆಡದೆ ಉಳಿದ ರಾಗಿ ಅಕ್ಕಿಯನ್ನು ಗೆಲ್ಲುತ್ತದೆ. ಅರಮನೆಯ ಪಾಕದ ಪಕ್ಕದಲ್ಲಿ ಬಡವರ ಧಾನ್ಯವೂ ಕಾವ್ಯಕ್ಕೆ ಬಂದ ಕಾಲವದು. ಎರಡನ್ನೂ ಜೊತೆಗಿಟ್ಟು ಓದುವವರು ವಿರಳ.

ಸೂಪಶಾಸ್ತ್ರದಲ್ಲಿ ಇನ್ನೊಂದು ತೊಡಕುಂಟು. ಸಂಶೋಧನಾ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳತಕ್ಕದ್ದು. ಪರವರ್ತಿ ಅಭಕ್ಷ್ಯಪಟ್ಟಿಗಳಲ್ಲಿ ಬಹುಬೀಜವೆಂದು ಬದನೆಕಾಯಿ ವರ್ಜ್ಯ. ಮಂಗರಸನೋ ಬದನೆಯ ಪಾಕಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಪಟ್ಟಿ ಅವನ ಕಾಲದ ಕನ್ನಡ ಶ್ರಾವಕರಲ್ಲಿ ಇನ್ನೂ ಬಿಗಿಯಾಗಿರಲಿಲ್ಲವೋ, ಅಥವಾ ಅರಮನೆಯ ನಾಲಗೆಗಾಗಿ ಕವಿ ಅದನ್ನು ಸಡಿಲಿಸಿದನೋ? ಮೊದಲನೆಯದೇ ನಿಜವಿರಬೇಕೆಂದು ನನಗೆ ತೋರುತ್ತದೆ. ಸಮ್ಯಕ್ತ್ವದ ಕಥೆಗಳನ್ನು ಬರೆದ ಕೈ ನಿಷಿದ್ಧವೆಂದು ತಿಳಿದೂ ಅಷ್ಟು ಪದ್ಯಗಳನ್ನು ಬರೆದೀತೆಂದು ನಂಬುವುದು ಕಷ್ಟ.