ತಂಪು ಮೊದಲು ಹುಳಕ್ಕೆ, ಆಮೇಲೆ ನಮಗೆ

1/9
ಏಪ್ರಿಲ್ ಬಂತು ಅಂದ್ರೆ ಬಿಡದಿಯಲ್ಲಿ ಎಲ್ರ ಬಾಯಲ್ಲೂ ಒಂದೇ ಮಾತು, "ಏನ್ ಸೆಕೆನಪ್ಪಾ!" 2024ರ ಏಪ್ರಿಲ್ 28ರಂದು ಪಕ್ಕದ ಬೆಂಗಳೂರಲ್ಲಿ 38.5 ಡಿಗ್ರಿ ಮುಟ್ಟಿದ್ದು ನಿಮಗೆ ನೆನಪಿರಬಹುದು. ಆದ್ರೆ ಒಂದು ವಿಷ್ಯ ಗೊತ್ತಾ? ಬಯಲು ಪ್ರದೇಶದಲ್ಲಿ ಬಿಸಿಗಾಳಿ ಅಂತ ಹವಾಮಾನ ಇಲಾಖೆ ಘೋಷಿಸಬೇಕಾದ್ರೆ ಕನಿಷ್ಠ 40 ಡಿಗ್ರಿ ಆಗಬೇಕು. ಆ ಗೆರೆ ದಾಟುವ ಮೊದಲೇ ನಮ್ಮ ಮನೆಯೊಳಗೆ ಕೂರೋಕಾಗಲ್ಲ. ಇಲಾಖೆಯ ಥರ್ಮಾಮೀಟರ್ ಇರೋದು ಗಾಳಿಯಾಡೋ ಬಿಳಿ ಪೆಟ್ಟಿಗೆಯಲ್ಲಿ, ನೆರಳಲ್ಲಿ. ಶೀಟಿನ ಮನೆಯೊಳಗಿನ ಬಿಸಿಯನ್ನ ಯಾರೂ ಅಳೆಯಲ್ಲ.

ಆದ್ರೆ ನಮ್ಮ ಜಿಲ್ಲೆಯಲ್ಲಿ ಮನೆಯೊಳಗಿನ ಬಿಸಿಯನ್ನ ದಿನಾ ಗಮನಿಸ್ತಿದ್ದ ಕಾಲ ಒಂದಿತ್ತು. ಮನುಷ್ಯರಿಗೋಸ್ಕರ ಅಲ್ಲ, ರೇಷ್ಮೆ ಹುಳಕ್ಕೋಸ್ಕರ. ಇವತ್ತಿನ ಸರಣಿ ಅದರ ಇತಿಹಾಸ.

2/9
ಕಥೆ ಶುರುವಾಗೋದು ಶ್ರೀರಂಗಪಟ್ಟಣದಿಂದ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ರೇಷ್ಮೆ ಹುಳ ತರೋಕೆ ಬಂಗಾಳಕ್ಕೆ ಜನ ಕಳಿಸಿದ. ಅವರು ವಾಪಸ್ ಬರೋ ಹೊತ್ತಿಗೆ, 1786ರಲ್ಲಿ, ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಒಂದು ಪತ್ರ ಬರೆದ. ಈ ಹುಳಗಳನ್ನ ಎಂಥಾ ಜಾಗದಲ್ಲಿ ಇಡಬೇಕು ಅಂತ ಬಂದವರನ್ನ ಕೇಳಿ ತಿಳ್ಕೊಂಡು, ಅದಕ್ಕೆ ತಕ್ಕ ವ್ಯವಸ್ಥೆ ಮಾಡು ಅನ್ನೋದು ಅದರ ಸಾರ. ಮೇವಿನ ಸೊಪ್ಪಿನ ಮಾತೂ ಅದರಲ್ಲಿದೆ.

ಗಮನಿಸಿ: ಹುಳ ಊರಿಗೆ ಕಾಲಿಡೋ ಮುಂಚೆಯೇ ಅದಕ್ಕೆ ಮನೆ ಎಲ್ಲಿ, ಹೇಗೆ ಅನ್ನೋ ಪ್ರಶ್ನೆ ಬಂದಿತ್ತು. ಮುಂದಿನ ಇನ್ನೂರು ವರ್ಷ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹುಳ ಸಾಕೋರು ಪ್ರತಿ ಬೇಸಿಗೆಯಲ್ಲೂ ಆ ಪ್ರಶ್ನೆಗೇ ಉತ್ತರ ಹುಡುಕಿದ್ರು.

3/9
ಅಷ್ಟೊಂದು ತಲೆಬಿಸಿ ಯಾಕೆ? ಹುಳಕ್ಕೆ ತನ್ನ ಮೈ ಬಿಸಿಯನ್ನ ತಾನೇ ಹಿಡಿತದಲ್ಲಿ ಇಟ್ಕೊಳ್ಳೋಕೆ ಬರಲ್ಲ. ನಮ್ ಥರ ಬೆವರಲ್ಲ. ಕೋಣೆ ಎಷ್ಟು ಬಿಸಿಯೋ ಅದೂ ಹೆಚ್ಚುಕಮ್ಮಿ ಅಷ್ಟೇ ಬಿಸಿ. ಮರಿ ಹುಳಕ್ಕೆ, ಅಂದ್ರೆ ಚಾಕಿ ಹುಳಕ್ಕೆ, 27–28 ಡಿಗ್ರಿ ಸರಿ. ದೊಡ್ಡದಾದ ಮೇಲೆ 24–25 ಡಿಗ್ರಿ ಬೇಕು. ಬೆಳೀತಾ ಬೆಳೀತಾ ಇನ್ನೂ ತಂಪು ಕೇಳುತ್ತೆ!

ಬಿಸಿ ಏರಿದ್ರೆ ಸೊಪ್ಪು ಬೇಗ ಬಾಡುತ್ತೆ, ಹುಳ ಮೇವು ಬಿಡುತ್ತೆ, ಸಪ್ಪೆ ರೋಗ, ಹಾಲುತೊಂಡೆ ರೋಗ ಬರುತ್ತೆ. ಮೂರೂವರೆ, ನಾಲ್ಕು ವಾರ ರಾತ್ರಿ ಹಗಲು ಸೊಪ್ಪು ಹಾಕಿ ಬೆಳೆಸಿದ ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನೋ ಹೊತ್ತಿಗೆ ಕೈಕೊಟ್ರೆ, ಸೊಪ್ಪಿನ ಖರ್ಚು, ಮೊಟ್ಟೆಯ ಖರ್ಚು, ಮನೆಯವರ ದುಡಿಮೆ ಎಲ್ಲಾ ತಿಪ್ಪೆಗೆ. ಮಗಳ ಮದುವೆ, ಮಗನ ಫೀಸು, ಸಾಲದ ಕಂತು ಎಲ್ಲಾ ಆ ಕೋಣೆಯ ತಂಪಿನ ಮೇಲೆ ನಿಂತಿರ್ತಿತ್ತು.

4/9
ಆ ಕೋಣೆ ಇದ್ದದ್ದೆಲ್ಲಿ? ಬಹಳಷ್ಟು ಕಡೆ ಮನೆಯೊಳಗೇ. ನಡುಮನೆಯಲ್ಲಿ ಬಿದಿರಿನ ತಟ್ಟೆಗಳ ಸಾಲು, ಅದರ ಪಕ್ಕದಲ್ಲೇ ಜನರ ಊಟ, ನಿದ್ದೆ. ಹೀಗಾಗಿ ಹುಳಕ್ಕೆ ಮಾಡಿದ ತಂಪು ಮನೆಮಂದಿಗೂ ಸಿಗ್ತಿತ್ತು.

ದಪ್ಪ ಮಣ್ಣಿನ ಗೋಡೆ ಹಗಲ ಬಿಸಿಯನ್ನ ಒಳಗೆ ಬಿಡೋಕೆ ತಡ ಮಾಡ್ತಿತ್ತು. ಮೇಲೆ ಹೆಂಚು. ನಾಡ ಹೆಂಚಿನ ಜೊತೆಗೆ ಆಮೇಲೆ ಮಂಗಳೂರು ಹೆಂಚೂ ಬಂತು, ಅದರ ಮೊದಲ ಕಾರ್ಖಾನೆಯನ್ನ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ತೆರೆದಿದ್ರು. ಹೆಂಚಿನ ಸಂದಿಯಿಂದ ಬಿಸಿಗಾಳಿ ಮೇಲಕ್ಕೆ ಹೋಗ್ತಿತ್ತು. ಕಿಟಕಿಗೆ ಒದ್ದೆ ಗೋಣಿಚೀಲ, ನೆಲಕ್ಕೆ ನೀರು, ಹೊರಗೆ ತೆಂಗಿನ ಗರಿಯ ಚಪ್ಪರ. ಬಿಸಿಲೇರುವ ಮುಂಚೆ ಕಿಟಕಿ ಮುಚ್ಚೋದು, ಸಂಜೆ ತಂಗಾಳಿ ಬಿಟ್ಟ ಮೇಲೆ ತೆರೆಯೋದು. ಸೊಪ್ಪನ್ನ ಬೆಳಗ್ಗೆ ಬೇಗ ಕೊಯ್ದು ಒದ್ದೆ ಬಟ್ಟೆ ಮುಚ್ಚಿ ಇಡೋದು.

ಇದರಲ್ಲಿ ಹೆಚ್ಚಿನ ಕೆಲಸ ಹೆಂಗಸರದ್ದೇ. ಮಧ್ಯಾಹ್ನ ಎರಡು ಗಂಟೆಗೆ ಗೋಣಿ ಒಣಗಿದೆಯಾ ಅಂತ ಮುಟ್ಟಿ ನೋಡಿ ಮತ್ತೆ ನೀರು ಚಿಮುಕಿಸೋಕೆ ಯಾರಾದ್ರೂ ಮನೆಯಲ್ಲಿ ಇರಲೇಬೇಕಿತ್ತು. ಈ ಕೆಲಸಕ್ಕೆ ಯಾವ ಲೆಕ್ಕದ ಪುಸ್ತಕದಲ್ಲೂ ಕೂಲಿ ಬರೆದಿಲ್ಲ.

5/9
ಇಲ್ಲೊಂದು ಸೂಕ್ಷ್ಮ ಇದೆ, ಇದನ್ನ ಸೇವ್ ಮಾಡ್ಕೊಳ್ಳಿ. ಒದ್ದೆ ಗೋಣಿ ಯಾವಾಗ್ಲೂ ಒಳ್ಳೇದಲ್ಲ!

ನೀರು ಆವಿಯಾಗುವಾಗ ಸುತ್ತಲಿನ ಬಿಸಿಯನ್ನ ಎಳ್ಕೊಳ್ಳುತ್ತೆ, ಅದಕ್ಕೇ ತಂಪು. ಆದ್ರೆ ಆ ಆವಿ ಕೋಣೆಯಲ್ಲೇ ಉಳಿದ್ರೆ ಗಾಳಿ ತೇವ ಆಗುತ್ತೆ. ಚಾಕಿ ಹುಳಕ್ಕೆ 85–90 ಶೇಕಡಾ ತೇವ ಇದ್ರೂ ಪರವಾಗಿಲ್ಲ, ಅದಕ್ಕೆ ಅದೇ ಬೇಕು. ದೊಡ್ಡ ಹುಳಕ್ಕೆ 70ರ ಆಸುಪಾಸು ಸಾಕು, ಜೊತೆಗೆ ಗಾಳಿ ಆಡಬೇಕು. ತೇವ ಹೆಚ್ಚಾದ್ರೆ ಸುಣ್ಣಕಟ್ಟು ರೋಗ. ಅದಕ್ಕೇ ಅನುಭವ ಇದ್ದ ರೈತರು ಕೊನೇ ಜ್ವರ ಎದ್ದ ಮೇಲೆ ನೀರು ಚಿಮುಕಿಸೋದನ್ನ ಕಮ್ಮಿ ಮಾಡಿ ಗಾಳಿಗೆ ದಾರಿ ಬಿಡ್ತಾರೆ. (ಹುಳ ಪೊರೆ ಬಿಡೋಕೆ ಮೇವು ನಿಲ್ಲಿಸಿ ಸುಮ್ನೆ ಇರೋದಕ್ಕೆ ನಮ್ ಕಡೆ ಜ್ವರ ಅಂತಾರೆ, ಕಾಯಿಲೆ ಅಲ್ಲ.)

ಮನುಷ್ಯರು ಈ ವಿಷಯದಲ್ಲಿ ದೊಡ್ಡ ಹುಳದ ಥರ. ಗಾಳಿ ಒದ್ದೆ ಆದ್ರೆ ನಮ್ಮ ಬೆವರು ಆರಲ್ಲ, ಬೆವರು ಆರದಿದ್ರೆ ಮೈ ತಣಿಯಲ್ಲ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒದ್ದೆ ಬಟ್ಟೆ ಕಟ್ಟಿದ್ರೆ ಉಸಿರು ಕಟ್ಟಿದ ಹಾಗಾಗೋದು ಇದಕ್ಕೇ.

6/9
ಇದೇ ರೇಷ್ಮೆಗೆ ಇನ್ನೊಂದು ಮುಖ ಇದೆ. ಹುಳಕ್ಕೆ ತಂಪು ಮಾಡಿ ಬೆಳೆಸಿದ ಗೂಡು ರಾಮನಗರದ ಮಾರ್ಕೆಟ್‌ಗೆ ಹೋಗಿ, ಅಲ್ಲಿಂದ ಬಿಚ್ಚಣಿಕೆ ಮನೆಗೆ ಹೋಗುತ್ತೆ. ಅಲ್ಲಿ ಗೂಡನ್ನ ಬೇಯಿಸಿ, ಬಿಸಿನೀರಿಂದ ಎಳೆ ಎತ್ತಬೇಕು. ಒಲೆ, ಹಬೆ, ಕೈ ಸುಡೋ ನೀರು. ಏಪ್ರಿಲ್‌ನಲ್ಲೂ ಅದೇ ಕೆಲಸ. ಹಳ್ಳಿಯಲ್ಲಿ ಹುಳ ಬಿಸಿ ತಾಳಲ್ಲ ಅಂತ ಗೋಣಿ ನೆನೆಸ್ತಿದ್ರೆ, ಪೇಟೆಯಲ್ಲಿ ಮನುಷ್ಯರು ಹಬೆಯ ಮುಂದೆ ನಿಂತಿರ್ತಿದ್ರು. ಯಾವುದು ಕೆಟ್ರೆ ನಷ್ಟ ಅಂತ ಲೆಕ್ಕ ಇತ್ತೋ, ಅದಕ್ಕೆ ತಂಪು ಸಿಕ್ತು.

7/9
ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. (ನಮ್ಮ ಅರ್ಕಾವತಿ ಕಾವೇರಿಗೆ ಸೇರೋ ಸಂಗಮಕ್ಕಿಂತ ಮೇಲಿರೋ ಜಾಗ ಅದು.) ಆ ಕರೆಂಟ್ ಮೊದಲು ಹೋಗಿದ್ದು ಯಾರ ಮನೆಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ.

ಅದೇ 1902ರ ಜುಲೈನಲ್ಲಿ ಅಮೆರಿಕದಲ್ಲಿ ವಿಲ್ಲಿಸ್ ಕ್ಯಾರಿಯರ್ ಅನ್ನೋ ಇಂಜಿನಿಯರ್ ಇವತ್ತಿನ ಏಸಿಯ ಮೂಲ ನಕ್ಷೆ ಬರೆದ. ಯಾರಿಗೋಸ್ಕರ ಗೊತ್ತಾ? ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಹಾಕೋ ಬಣ್ಣ ಸರಿಯಾಗಿ ಕೂರ್ತಿರಲಿಲ್ಲ. ಅಲ್ಲಿ ಕಾಗದ, ಇಲ್ಲಿ ಹುಳ. ಎರಡೂ ಕಡೆ ತಂಪು ಮೊದಲು ಬಂದಿದ್ದು ಸರಕಿಗೆ.

8/9
ಆಮೇಲೆ ಹುಳ ಮನೆ ಬಿಟ್ಟು ಹೊರಗೆ ಹೋಯ್ತು. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದು ಹುಳದ ಮೈ ಮೇಲೆ ಮೊಟ್ಟೆ ಇಡುತ್ತೆ, ಹೀಗಾಗಿ ಕಿಟಕಿ ಬಾಗಿಲಿಗೆಲ್ಲಾ ನೈಲಾನ್ ಪರದೆ ಬೇಕಾಯ್ತು. ಅದೇ ವರ್ಷ ವಿಶ್ವಬ್ಯಾಂಕ್ ನೆರವಿನ ರೇಷ್ಮೆ ಯೋಜನೆ ಶುರುವಾಯ್ತು. 1990ರ ದಶಕದಲ್ಲಿ ಜಪಾನ್ ನೆರವಿನಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ದ್ವಿತಳಿಯ ಸಿಎಸ್ಆರ್ ಹುಳಗಳನ್ನ ಬೆಳೆಸಿತು. ನೂಲು ಚೆನ್ನ, ಆದ್ರೆ ಹಳೇ ಮೈಸೂರು ತಳಿಯಷ್ಟು ಬಿಸಿ ತಾಳಲ್ಲ. ಅದಕ್ಕೆ ಶುಚಿಯಾದ, ತಂಪಾದ ಪ್ರತ್ಯೇಕ ಹುಳು ಸಾಕಣೆ ಮನೆ ಬೇಕು ಅಂತಾಯ್ತು, ಸಹಾಯಧನವೂ ಬಂತು.

ಇದು ಒಳ್ಳೇದೇ. ಹುಳದ ಜೊತೆ ಮಲಗೋದು ಯಾರಿಗೂ ಸುಖ ಅಲ್ಲ. ಆದ್ರೆ ಹುಳದ ಜೊತೆಗೇ ಒದ್ದೆ ಗೋಣಿ, ಚಪ್ಪರ, ಕಿಟಕಿಯ ಶಿಸ್ತು ಎಲ್ಲವೂ ಹೊರಗೆ ಹೋಯ್ತು. ಹೆಂಚು ಇಳಿದು ಆರ್‌ಸಿಸಿ ಬಂತು. ಅದು ಹಗಲೆಲ್ಲಾ ಬಿಸಿ ಕುಡಿದು ರಾತ್ರಿ ನಮ್ಮ ಮೇಲೆ ಬಿಡುತ್ತೆ. ಬಿಡದಿ ಸುತ್ತ ಕಾರ್ಖಾನೆ ಬಂದಂತೆ ಬಾಡಿಗೆಗೆ ಶೀಟಿನ ಕೋಣೆಗಳ ಸಾಲು ಎದ್ದವು. ರಾತ್ರಿ ಪಾಳಿ ಮುಗಿಸಿ ಬಂದವರು ಅದರೊಳಗೆ ಮಲಗೋದು ಹಗಲಲ್ಲಿ, ಅಂದ್ರೆ ಶೀಟು ಕಾಯೋ ಹೊತ್ತಲ್ಲೇ. ಇವತ್ತಿಗೂ ಇದೇ ತಾಲ್ಲೂಕಿನಲ್ಲಿ ಹುಳು ಮನೆಯ ಗೋಡೆಗೆ ಥರ್ಮಾಮೀಟರ್ ನೇತಾಕಿರ್ತಾರೆ. ನಮ್ಮ ಮಲಗೋ ಕೋಣೆಯಲ್ಲಿ ಇದೆಯಾ?

9/9
2010ರ ಮೇ ತಿಂಗಳ ಬಿಸಿಗೆ ಅಹಮದಾಬಾದ್‌ನಲ್ಲಿ ತುಂಬಾ ಜನ ಸತ್ತರು. ಆ ಊರು 2013ರಲ್ಲಿ ಬಿಸಿಗಾಳಿ ಎದುರಿಸೋ ಯೋಜನೆ ಮಾಡ್ತು. ಅದರ ಒಂದು ದಾರಿ ಬಡವರ ಮನೆ ಚಾವಣಿಗೆ ಬಿಳಿ ಬಳಿಯೋದು. ನಮ್ಮ ರೈತರು ಹುಳು ಮನೆಗೆ ಮಾಡೋದೂ ಇದನ್ನೇ. ಅಂದ್ರೆ ಉಪಾಯ ನಮ್ಮಲ್ಲೇ ಇದೆ, ಮನುಷ್ಯರಿಗೂ ಅದನ್ನ ಮಾಡ್ಬೇಕು ಅಷ್ಟೇ:

▪️ ತಾರಸಿಗೆ ಬೇಸಿಗೆ ಮುಂಚೆ ಸುಣ್ಣ ಬಳೀರಿ. ಶೀಟಿನ ಮೇಲೆ ಮಾತ್ರ ಕಾಲಿಡಬೇಡಿ, ಒಡೆಯುತ್ತೆ. ಅದಕ್ಕೆ ಗರಿಯ ಚಪ್ಪರದ ನೆರಳು ಮಾಡಿಸಿ, ಬಾಡಿಗೆ ಮನೆ ಆದ್ರೆ ಓನರ್ ಹತ್ರ ಕೇಳಿ.
▪️ ಹೊರಗೆ ಬಿಸಿ ಇರೋವರೆಗೂ ಬಿಸಿಲು ಬೀಳೋ ಕಿಟಕಿ ಮುಚ್ಚಿ, ರಾತ್ರಿ ಎದುರುಬದುರು ಕಿಟಕಿ ತೆರೀರಿ.
▪️ ಒದ್ದೆ ಬಟ್ಟೆ ಗಾಳಿ ಬರೋ ಕಡೆ ಕಟ್ಟಿ, ಆಚೆ ಕಡೆ ಗಾಳಿ ಹೋಗೋಕೆ ದಾರಿ ಇರಲಿ.
▪️ ಕೋಣೆ 40 ಡಿಗ್ರಿ ದಾಟಿದ್ರೆ ಬರೀ ಫ್ಯಾನ್ ನಂಬಬೇಡಿ, ಅದು ಬಿಸಿಗಾಳಿಯನ್ನೇ ಮೈಗೆ ಊದುತ್ತೆ. ಮೈ ಒದ್ದೆ ಮಾಡ್ಕೊಳ್ಳಿ, ನೆರಳಿರೋ ಕಡೆ ಹೋಗಿ.
▪️ ರಾಗಿ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಪಾನಕ, ಬಾಯಾರುವ ಮುಂಚೆನೇ ಕುಡೀರಿ.
▪️ ಯಾರಿಗಾದ್ರೂ ಮೈ ಕೆಂಡದ ಹಾಗೆ ಸುಡ್ತಾ, ಮಾತು ತಡವರಿಸಿದ್ರೆ ಅಥವಾ ಪ್ರಜ್ಞೆ ತಪ್ಪಿದ್ರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರೋವರೆಗೂ ಮೈಗೆ ನೀರು ಹಾಕಿ ಗಾಳಿ ಬೀಸ್ತಾ ಇರಿ.

ಈ ಭಾನುವಾರ ಒಂದು ಕೆಲಸ. ಹುಳ ಸಾಕಿದ ಅನುಭವ ಇರೋ ಅಜ್ಜಿ, ದೊಡ್ಡಮ್ಮ, ಅತ್ತೆ ಯಾರಾದ್ರೂ ನಿಮ್ಮ ಮನೆಯಲ್ಲಿದ್ರೆ ಕೇಳಿ, "ಬೇಸಿಗೆಯಲ್ಲಿ ಹುಳಕ್ಕೆ ಏನ್ ಮಾಡ್ತಿದ್ರಿ?" ಅಂತ. ಅವರು ಹೇಳಿದ್ದನ್ನ ಕಾಮೆಂಟಲ್ಲಿ ಬರೀರಿ. ಹಾಗೇ ಮಧ್ಯಾಹ್ನ ಎರಡು ಗಂಟೆಗೆ ಅವರು ಮಲಗೋ ಕೋಣೆ ಎಷ್ಟು ಕಾದಿರುತ್ತೆ ಅಂತ ಒಂದ್ಸಲ ಹೋಗಿ ನಿಂತು ನೋಡಿ.

#ಬಿಡದಿ #ರಾಮನಗರ #ರೇಷ್ಮೆ #ನಮ್ಮೂರಇತಿಹಾಸ #ಬೇಸಿಗೆ